ಒಂಬತ್ತನೆಯ ಕಾಲು

ಫ್ಯಾನು ಕಾಲು ಸುತ್ತು ತಿರುಗಿ ನಿಂತಿತು.
ಇನ್ನೊಮ್ಮೆ ಒತ್ತಿದಳು, ಮತ್ತೆ ಕಾಲೇ ಸುತ್ತು.
ಮಾತಿಗೆ ಬಾಯಿ ತೆರೆದವರು
ಒಳಗಿಂದ ಯಾರೋ ಗದರಿದ ಹಾಗೆ
ತುಟಿ ಮುಚ್ಚಿಕೊಳ್ಳುವುದಿಲ್ಲವೇ, ಹಾಗೆ.

ದಾವಣಗೆರೆ, ಮಂಡಕ್ಕಿ ಭಟ್ಟಿಯ ಹಿಂದಿನ ಓಣಿ, ರಾತ್ರಿ ಹತ್ತೂವರೆ.
ನಾಳೆ ಕೊಡಬೇಕಾದ ಆರು ಬ್ಲೌಸು ಮಷಿನ್ನಿನ ಮೇಲೆ.
ನೆಲದ ಮೇಲೆ ನನ್ನ ಎರಡು ವರ್ಷದ ಚೀಟಿ ದುಡ್ಡು
ಬಿಡಿಬಿಡಿಯಾಗಿ: ಹಸಿರು ಹಲಗೆ, ಬಣ್ಣದ ತಂತಿ,
ಅಶೋಕ ರಸ್ತೆಯ ಹಳೇ ಸಾಮಾನಿನವನು
ಚೌಕಾಸಿಗೆ ಬಗ್ಗದೆ ಕೊಟ್ಟ ತಗಡಿನ ಡಬ್ಬಿ.
ಗಂಗಾಂಬಿಕಾ ಅಳಲಿಲ್ಲ. ಅಳುವ ಮುಂಚೆ
ಮೂಗಿನ ಹೊಳ್ಳೆ ಅರಳುತ್ತದೆ ಅವಳಿಗೆ,
ಅದನ್ನು ಕಂಡು ಟಾರ್ಚನ್ನು ಬೇರೆ ಕಡೆ ತಿರುಗಿಸಿದೆ.

ಎದುರುಮನೆಯ ತಿಪ್ಪೇಶಿ, ಮೋಟಾರು ವೈಂಡಿಂಗಿನವನು,
ಲುಂಗಿ ಎತ್ತಿ ಕಟ್ಟಿ ಬಂದು ಕೂತ, ಮೂಸಿ ನೋಡಿದ:
“ಸುಟ್ಟ ವಾಸನಿ ಇಲ್ಲ. ಎಲ್ಲೋ ಶಾರ್ಟ್ ಆಗೇತಿ.
ಕರೆಂಟು ಮೈಗಳ್ಳ ಕಣಕ್ಕ,
ದುಡಿಯೋ ದಾರಿ ಬಿಟ್ಟು ಮನಿಗೋಗೋ ಸಂದಿ ಹುಡುಕ್ತೇತಿ.”
ತಾನಾಗೇ ಕೈಯೆತ್ತಿದ ಪವರ್ ಸಪ್ಲೈಗೆ
ಒಂದು ಶಹಬ್ಬಾಸ್ ಹೇಳಿದ; ಇಲ್ಲದಿದ್ದರೆ ಹೊಗೆ ಬರುತ್ತಿತ್ತಂತೆ.
ಆಮೇಲೆ ಆಕಳಿಸಿ ಎದ್ದು ಹೋದ.

ಬಿಚ್ಚಿದಳು. ನಾನು ತಪ್ಪು ಹೊಲಿಗೆ ಬಿಚ್ಚುವ ಹಾಗೇ,
ಬಟ್ಟೆಗೆ ನೋವಾಗದಂತೆ, ಒಂದೊಂದೇ.
ನನ್ನ ತುರುಬಿನ ಪಿನ್ನು ಇಸಕೊಂಡು
ಸಪ್ಲೈಯ ಹಸಿರು ತಂತಿಗೂ ಕಪ್ಪಿಗೂ ಸೇತುವೆ ಹಾಕಿದಳು.
ಶಿವಶಿವಾ ಅಂದೆ ನಾನು.
ಅದೊಂದೇ ತಿರುಗಿತು. ಅದರದ್ದು ತಪ್ಪಿಲ್ಲ.
ಬೋರ್ಡನ್ನು ಅದು ಬಂದ ರಟ್ಟಿನ ಮೇಲೆ ಮಲಗಿಸಿ,
ಒಂದೇ ರ‍್ಯಾಮು, ಜೊತೆಗೆ ಬೇರೆ ಯಾರೂ ಇಲ್ಲ,
ಸ್ಕ್ರೂಡ್ರೈವರ್ ತುದಿಯಿಂದ ಎರಡು ಮುಳ್ಳು ಮುಟ್ಟಿಸಿದಳು.
ತಿರುಗಿತು. ತಿರುಗುತ್ತಲೇ ಇತ್ತು.
ರಟ್ಟಿನ ಮೇಲೆ ಬದುಕುವುದು ಡಬ್ಬಿಯೊಳಗೆ ಸಾಯುತ್ತದೆ.
ಹಾಗಾದರೆ ರೋಗ ಇದರದ್ದಲ್ಲ, ಮನೆಯದ್ದು.

ಇಷ್ಟು ನನಗೂ ತಿಳಿಯಿತು. ಟಾರ್ಚು ಅವಳ ಕೈಗೆ ಕೊಟ್ಟು
ಖಾಲಿ ಡಬ್ಬಿಯೊಳಗೆ ಕೈ ಇಳಿಬಿಟ್ಟೆ, ಕಣ್ಣು ಮುಚ್ಚಿ.
ಹೊಲಿದ ಬಟ್ಟೆಯಲ್ಲಿ ಮರೆತ ಗುಂಡುಪಿನ್ನು
ಕಣ್ಣಿಗೆ ಯಾವತ್ತೂ ಸಿಕ್ಕಿಲ್ಲ; ಬೆರಳಿಗೆ ಸಿಗುತ್ತದೆ,
ಇಲ್ಲವೇ ಗಿರಾಕಿಯ ಬೆನ್ನಿಗೆ.
ಬೋರ್ಡು ನಿಲ್ಲಲಿಕ್ಕೆ ಹಿತ್ತಾಳೆಯ ಪುಟ್ಟ ಕಾಲುಗಳು.
ಎಣಿಸಿದೆ: ಒಂಬತ್ತು.
“ನಿನ್ನ ಬೋರ್ಡಿಗೆ ಎಷ್ಟು ತೂತೇ ಗಂಗಿ?”
“ಎಂಟು,” ಅಂದಳು. ಅಂದವಳು ಸುಮ್ಮನಾದಳು.

ಒಂಬತ್ತನೆಯದು ಹಿಂದೆ ಇಲ್ಲಿದ್ದ
ಯಾವುದೋ ದೊಡ್ಡ ಬೋರ್ಡಿನದಿರಬೇಕು.
ಅದು ಹೋದದ್ದನ್ನು ಇದಕ್ಕೆ ಯಾರೂ ಹೇಳಿರಲಿಲ್ಲ.
ಹೊಸದು ಬಂದು ಕೂತಾಗಲೂ ನಿಂತೇ ಇತ್ತು,
ತೂತಿಲ್ಲದ ಕಡೆ, ಬರಿಯ ಬೆಸುಗೆಗೆ ತಲೆ ಒತ್ತಿ,
ಒಳ್ಳೆಯ ಮನಸ್ಸಿನಿಂದಲೇ.
ಅವರು ಹೋದ ವರ್ಷ ನನ್ನ ಬೆನ್ನಿಗೂ ನಿಂತಿದ್ದರು ಕೆಲವರು.
ಹೆಸರು ಬೇಡ.
ಇಕ್ಕಳ ಹಾಕಿ ತಿರುವಿ ತೆಗೆದೆವು.

ಎಲ್ಲ ಮತ್ತೆ ಕಟ್ಟುವಷ್ಟರಲ್ಲಿ
ಭಟ್ಟಿಗೆ ಹೊಟ್ಟು ಹಾಕುವವರು ಬಂದಿದ್ದರು,
ಕಿಟಕಿಯಲ್ಲಿ ಹುರಿದಕ್ಕಿಯ ಬಿಸಿ.
ಒತ್ತಿದಳು. ಟಕ್ ಎಂದು ಒಂದು ಸದ್ದು, ಆಮೇಲೆ ಗಾಳಿ.
ಕರೀ ಪರದೆಯ ಮೇಲೆ ಬಿಳೀ ಇಂಗ್ಲಿಷು, ಎರಡು ಸಾಲು.
“ಏನು ಬರದೈತಿ?”
“ಒಳಗೇನೂ ಇಲ್ಲ, ಏನು ಓದ್ಲಿ ಅಂತ ಕೇಳ್ತೈತವ್ವ.”
“ಅಂದ್ರೆ ಇನ್ನೂ ಕೆಟ್ಟೈತಾ?”
“ಇಲ್ಲ,” ನಕ್ಕಳು, ಹೊಳ್ಳೆ ಅರಳಿಸಿಯೇ,
“ತನಗೇನೂ ಗೊತ್ತಿಲ್ಲ ಅನ್ನೋವಷ್ಟು ಎಚ್ಚರ ಆಗೇತಿ.”

ಆರನೆಯ ಬ್ಲೌಸಿಗೆ ಹುಕ್ಕು ಇನ್ನೂ ಬಾಕಿ ಇತ್ತು.